ಕಾರ್ಡು ಮಾರ್ಸೇಲಿನಲ್ಲಿ, ದಲಂದಾ ಕೌಂಟರಿನಲ್ಲಿ

ಮಾನ್ಯ ಲೀನಾ ಅವರ ಸನ್ನಿಧಾನಕ್ಕೆ,

ಅಗ್ಗದ ವಿಮಾನ ಟಿಕೆಟುಗಳನ್ನು ಮಾರುವ ಜಾಲತಾಣದ ಬಲಗಡೆಯ ಕೆಳಮೂಲೆಯಲ್ಲಿ, ನಗುಮುಖದ ಹುಡುಗಿಯೊಬ್ಬಳ ಚಿತ್ರದ ಹಿಂದೆ, ಊಟವಿಲ್ಲದೆ, ನಿದ್ರೆಯಿಲ್ಲದೆ, ಈದ್ ಹಬ್ಬದ ರಜೆಯೂ ಇಲ್ಲದೆ ಗಿರಾಕಿಗಳಿಗೆ ಉತ್ತರ ಕೊಡುತ್ತಾ ಕುಳಿತಿರುವ ಯಂತ್ರಸ್ವರೂಪಿಗಳಾದ ತಮಗೆ, ಸ್ಫಾಕ್ಸ್ ಪಟ್ಟಣದ ನಲ್ಲಿ ಮತ್ತು ಪೈಪುಗಳ ವ್ಯಾಪಾರಿ ಮೊಂಜಿ ಫುರಾತಿಯ ಅನೇಕ ಸಲಾಮುಗಳು. ಪತ್ರದ ಆರಂಭದಲ್ಲಿ ಎದುರಿನವರ ಆರೋಗ್ಯ, ಅವರ ತಂದೆತಾಯಿಗಳ ಆರೋಗ್ಯ, ಮಕ್ಕಳ ಓದು, ಈ ಸಲದ ಆಲಿವ್ ಫಸಲು ಇವಿಷ್ಟನ್ನು ವಿಚಾರಿಸದೆ ಮುಂದಕ್ಕೆ ಹೋಗುವುದು ನಮ್ಮ ಕಡೆ ಒರಟುತನವೆನಿಸುತ್ತದೆ. ತಮಗೆ ಇವುಗಳಲ್ಲಿ ಒಂದೂ ಇಲ್ಲವೆಂದು ಬಲ್ಲೆನಾದರೂ, ಎಲ್ಲವನ್ನೂ ವಿಚಾರಿಸಿದ್ದೇನೆಂದು ತಾವು ದಯಮಾಡಿ ಭಾವಿಸಿಕೊಳ್ಳಬೇಕು.

ನಾನು ವ್ಯಾಪಾರಸ್ಥ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಸಂಕಟ. ನನ್ನ ಹೆಂಡತಿ ದಲಂದಾಳನ್ನು ಟ್ಯೂನಿಸಿನಿಂದ ಮಸ್ಕತಿಗೆ ಕಳುಹಿಸಲೆಂದು ತಮ್ಮಲ್ಲಿ ಕೊಂಡ ಟಿಕೆಟಿಗೆ ಸಾವಿರದ ಎಂಟುನೂರು ದಿನಾರು, ಅದೇ ಹೆಂಡತಿಯನ್ನು ಅದೇ ಮಸ್ಕತಿಗೆ ನಿಜವಾಗಿಯೂ ಮುಟ್ಟಿಸಿದ ಇನ್ನೊಂದು ಟಿಕೆಟಿಗೆ ಎರಡು ಸಾವಿರದ ಆರುನೂರ ನಲವತ್ತು, ಸ್ಫಾಕ್ಸಿನಿಂದ ಟ್ಯೂನಿಸಿಗೆ ಜನ ತುಂಬಿದ ಮೇಲೆಯೇ ಹೊರಡುವ ಲುವಾಜ್ ವ್ಯಾನಿನ ಬಾಡಿಗೆ, ಅಲ್ಲಿನ ಟ್ಯಾಕ್ಸಿ, ಮರಳುವ ಲುವಾಜ್ ಎಲ್ಲ ಸೇರಿ ನೂರ ಐದು, ವಿಮಾನ ತಪ್ಪಿದ ದಿನ ಟ್ಯೂನಿಸಿನಲ್ಲೇ ತಂಗಲು ಹೋದ ನಾದಿನಿಯ ಮನೆಗೆ ಬರಿಗೈಯಲ್ಲಿ ಹೋಗಲಾಗದೆ ಒಯ್ದ ಬಾದಾಮಿ ಸಿಹಿ ಅರವತ್ತೈದು, ಮಾರ್ಸೇಲಿನಲ್ಲಿರುವ ಅಣ್ಣನ ಮಗನ ಉಪಕಾರಕ್ಕಾಗಿ ಅವನ ತಾಯಿಗೆ ಕೊಟ್ಟ ಐದು ಲೀಟರ್ ಆಲಿವ್ ಎಣ್ಣೆ ತೊಂಬತ್ತು, ಫೋನಿಗೆ ಇಪ್ಪತ್ತೇಳೂವರೆ. ಒಟ್ಟು ನಾಲ್ಕು ಸಾವಿರದ ಏಳುನೂರ ಇಪ್ಪತ್ತೇಳೂವರೆ ದಿನಾರು. ಇಷ್ಟನ್ನೂ ನಾನು ಖರ್ಚು ಮಾಡಿದ್ದು ಮುನ್ನೂರೈವತ್ತು ದಿನಾರು ಉಳಿಸುವುದಕ್ಕೋಸ್ಕರ. ಟ್ಯೂನಿಸಿಯಾದ ಬೇರೆ ಊರುಗಳವರು ಸ್ಫಾಕ್ಸಿನವರನ್ನು ಜಿಪುಣರೆಂದು ಆಡಿಕೊಳ್ಳುತ್ತಾರೆ. ಇನ್ನು ಮುಂದೆ ಅವರಿಗೆ ಈ ಪತ್ರದ ನಕಲನ್ನು ಕಳುಹಿಸಿ ಬಾಯಿ ಮುಚ್ಚಿಸಬಹುದೆಂಬುದು ನನ್ನ ಸಣ್ಣ ಸಮಾಧಾನ.

ವಿಷಯವಿಷ್ಟು. ನಮ್ಮ ಒಬ್ಬಳೇ ಮಗಳು ಎಮ್ನಾ, ಗಂಡ ಸ್ಲಿಮ್ ಜೊತೆ ಮಸ್ಕತಿನಲ್ಲಿದ್ದಾಳೆ. ಇಬ್ಬರೂ ಅಲ್ಲಿ ಶಾಲಾ ಶಿಕ್ಷಕರು, ಅವಳದು ಗಣಿತ, ಅವನದು ಭೌತಶಾಸ್ತ್ರ. ಅವಳಿಗಿದು ಚೊಚ್ಚಲು. ಜೂನ್ ಕೊನೆಗೆ ದಿನ ಎಂದು ವೈದ್ಯರು ಹೇಳಿದ್ದರು, ಸ್ವಲ್ಪ ಮುಂಚೆಯೂ ಆಗಬಹುದು ಎಂದೂ ಸೇರಿಸಿದ್ದರು. ಅವಳು ಹೆಸರು ಬರೆಸಿದ್ದ ಆಸ್ಪತ್ರೆಯಲ್ಲಿ ಒಂದು ಕಟ್ಟಳೆ. ಹೆರಿಗೆ ಕೋಣೆಯ ಬಾಗಿಲಲ್ಲೇ ಗಂಡಸರನ್ನು ನಿಲ್ಲಿಸುತ್ತಾರೆ, ಮನೆಯ ಕಡೆಯ ಹೆಂಗಸೊಬ್ಬಳನ್ನು ಮಾತ್ರ ಒಳಗೆ ಬಿಡುತ್ತಾರೆ. "ಅಮ್ಮಾ, ನನಗಿಲ್ಲಿ ಅತ್ತೆ ಇಲ್ಲ, ಅಕ್ಕ ಇಲ್ಲ. ನೀನೊಬ್ಬಳು ಬಂದುಬಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದು ಫೋನಿನಲ್ಲಿ ಎಮ್ನಾ ಹೇಳಿದ ದಿನದಿಂದ ದಲಂದಾಳ ಪೆಟ್ಟಿಗೆ ನಮ್ಮ ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಕುಳಿತಿತ್ತು. ಅದರೊಳಗೆ ಬಾಣಂತಿಗೆ ಹುರಿಹಿಟ್ಟಿನ ಬಸೀಸಾ, ಮಗು ನೋಡಲು ಬರುವವರಿಗೆ ಸಣ್ಣ ಗಾಜಿನ ಲೋಟಗಳಲ್ಲಿ ಕೊಡಲು ಎಳ್ಳು, ಹೇಝಲ್ ಬೀಜ, ಜೇನು, ಬೆಣ್ಣೆ ಹಾಕಿ ಕಲಸಿದ ಝ್ರೀರ್, ಆ ಲೋಟಗಳು ಕೂಡ. ಮಸ್ಕತಿನಲ್ಲಿ ಲೋಟ ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಸಿಗುತ್ತೆ. ಗಂಡಸರೂ ಸಿಗ್ತಾರೆ, ನಾನು ನಿನ್ನನ್ನೇ ಇಟ್ಕೊಂಡಿಲ್ವಾ?" ಎಂಬ ಉತ್ತರ ಬಂತು.

ಆಗ ನನ್ನ ಮುಂದಿದ್ದ ದಾರಿಗಳು ಎರಡು. ಒಂದು, ಗಂಡಸರ ಹೆಸರಿಗೆ ಸೀ, ಹೆಂಗಸರ ಹೆಸರಿಗೆ ಲೆಲ್ಲಾ ಸೇರಿಸಿ ಗೌರವಿಸುವ ನಮ್ಮ ಬೀದಿಯ ಕೊನೆಯಲ್ಲಿ ಟಿಕೆಟ್ ಕಚೇರಿ ಇಟ್ಟುಕೊಂಡಿರುವ ಲೆಲ್ಲಾ ನಝೀಹಾ. ಈ ಹೆಂಗಸಿನ ಗುಣಗಾನ ಮಾಡಬೇಕೆಂದು ನನಗೇನೂ ಇಲ್ಲ. ಅವಳ ಕಂಪ್ಯೂಟರಿಗಿಂತ ಅವಳ ಕಾಫಿ ಬೇಗ ಬರುತ್ತದೆ; ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳಂತೆ ಮಧ್ಯಾಹ್ನ ಎರಡಕ್ಕೆ ಬಾಗಿಲೆಳೆದು ಸಮುದ್ರದ ಕಡೆ ಹೋಗಿಬಿಡುತ್ತಾಳೆ; ಟಿಕೆಟ್ ಮುದ್ರಿಸುವ ನಡುವೆ ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಯಾವುದು ಮುರಿಯಿತು ಎಂಬ ವರದಿ ಒಪ್ಪಿಸದೆ ಬಿಡುವುದಿಲ್ಲ. ಅವಳು ಹೇಳಿದ ದರ ಎರಡು ಸಾವಿರದ ನೂರೈವತ್ತು, ಅದರಲ್ಲಿ ಅವಳ ಕೂಲಿ ಎಪ್ಪತ್ತು. "ಎಪ್ಪತ್ತು ಯಾತಕ್ಕೆ, ಲೆಲ್ಲಾ ನಝೀಹಾ? ನಾಲ್ಕು ಗುಂಡಿ ಒತ್ತೋದಕ್ಕಾ?" ಎಂದು ಕೇಳಿದೆ. "ಅಲ್ಲ ಸೀ ಮೊಂಜಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನು ಬಂದು ಇಲ್ಲಿ ಕೂಗಾಡ್ತೀಯಲ್ಲ, ಅದನ್ನ ಕೇಳಿಸ್ಕೊಳ್ಳೋದಕ್ಕೆ" ಎಂದಳು. ಕೂಗಾಟವನ್ನು ಮುಂಗಡವಾಗಿ ಕೊಂಡುಕೊಳ್ಳುವ ಪದ್ಧತಿ ನಮ್ಮ ನಲ್ಲಿ ವ್ಯಾಪಾರದಲ್ಲಿ ಇಲ್ಲವಾದ್ದರಿಂದ ನಾನು ಅದನ್ನು ಅನವಶ್ಯಕ ಖರ್ಚಿನ ಕಡೆಗೆ ಹಾಕಿದೆ.

ಹಾಕಿದವನು ಎದ್ದುಹೋಗಲಿಲ್ಲ. ಮೂರು ವಾರ ಅವಳ ಕಚೇರಿಗೆ ಹೋಗಿ ಬಂದು ಮಾಡಿದೆ. ಯಾವ ವಿಮಾನ ಎಲ್ಲಿ ನಿಲ್ಲುತ್ತದೆ, ಯಾವ ನಿಲ್ದಾಣದಲ್ಲಿ ವಯಸ್ಸಾದ ಹೆಂಗಸು ದಾರಿ ತಪ್ಪುವುದಿಲ್ಲ, ಎಷ್ಟು ಕಿಲೋ ಸಾಮಾನು ಬಿಡುತ್ತಾರೆ, ಝ್ರೀರ್ ಡಬ್ಬಿಯನ್ನು ಕೈಚೀಲದಲ್ಲಿ ಇಡಬೇಕೋ ಪೆಟ್ಟಿಗೆಯಲ್ಲೋ ಎಂಬುದನ್ನೆಲ್ಲ ಅವಳ ಕಾಫಿ ಕುಡಿಯುತ್ತಾ ಕೇಳಿ ತಿಳಿದುಕೊಂಡೆ. ಎರಡು ಸಲ ಅವಳು ದುಡ್ಡಿಲ್ಲದೆಯೇ ನನ್ನ ಹೆಸರಿನಲ್ಲಿ ಸೀಟು ಹಿಡಿದಿಟ್ಟಳು, ಎರಡು ಸಲವೂ ನಾನು ನಾಳೆ ಹೇಳುತ್ತೇನೆಂದು ಬಂದುಬಿಟ್ಟೆ. "ಸೀಟು ತೋರ್ಸಿದೀನಿ, ಕಾಫಿ ಕುಡಿಸಿದೀನಿ, ಇನ್ನೇನು, ವಿಮಾನಾನೇ ತಂದು ಅಂಗಡಿ ಮುಂದೆ ನಿಲ್ಲಿಸ್ಲಾ?" ಎಂದು ಅವಳು ಕೇಳಿದ ಸಂಜೆ, ತಿಳಿಯಬೇಕಾದ್ದೆಲ್ಲ ತಿಳಿದಿದ್ದರಿಂದ, ನಾನು ಎರಡನೆಯ ದಾರಿಯಾದ ತಮ್ಮ ಬಾಗಿಲಿಗೆ ಬಂದೆ.

ತಮ್ಮ ಅಂಗಡಿಯ ಸೊಬಗನ್ನು ನಾನು ಎಷ್ಟು ಹೊಗಳಿದರೂ ಕಡಿಮೆ, ಮಾನ್ಯರೇ. ಅದೇ ವಿಮಾನ, ಅದೇ ದಿನ, ಸಾವಿರದ ಆರುನೂರ ನಲವತ್ತು ದಿನಾರಿಗೆ ಸಮನಾದ ಯೂರೋ. ಮುಂದಿನ ಪುಟದಲ್ಲಿ ಕೂರಲು ಸೀಟು ಬೇಕೆ ಎಂದು ಕೇಳಿದಿರಿ. ನಿಂತು ಹೋಗುವ ಅಭ್ಯಾಸ ಅವಳಿಗಿಲ್ಲವೆಂದು ದುಡ್ಡು ಕೂಡಿಸಿದೆ. ಅದರ ಮುಂದಿನ ಪುಟದಲ್ಲಿ ಪೆಟ್ಟಿಗೆ ಬೇಕೆ ಎಂದಿರಿ. ಆಮೇಲಿನ ಪುಟದಲ್ಲಿ "ನಿಶ್ಚಿಂತೆ" ಎಂಬ ವಸ್ತುವನ್ನೂ ಮಾರುತ್ತಿದ್ದಿರಿ, ಅದನ್ನೂ ಕೊಂಡೆ. ಅದು ಏನೆಂದು ಈವರೆಗೆ ತಿಳಿದಿಲ್ಲ, ನನಗಂತೂ ತಲುಪಿಲ್ಲ. ಪಕ್ಕದಲ್ಲಿ ಗಡಿಯಾರವೊಂದು ಹಿಮ್ಮುಖವಾಗಿ ಓಡುತ್ತಿತ್ತು. ಇದೇ ಸೀಟನ್ನು ಈ ಕ್ಷಣ ಹದಿನೇಳು ಮಂದಿ ನೋಡುತ್ತಿದ್ದಾರೆಂದು ಕೆಂಪಕ್ಷರ ಹೇಳುತ್ತಿತ್ತು. ಅವಸರವಾಗಿ ಮುಂದಿನ ಗುಂಡಿ ಒತ್ತಿದೆ. ಮಸ್ಕತಿಗೆ ಅದೇ ದಿನ ಹೆರಿಗೆಗೆ ಹೊರಟ ಆ ಹದಿನೇಳು ತಾಯಂದಿರು ಯಾರೆಂದು ಆಮೇಲೆ ನಾನು ಊರಲ್ಲೆಲ್ಲ ವಿಚಾರಿಸಿದ್ದೇನೆ, ಒಬ್ಬರೂ ಸಿಕ್ಕಿಲ್ಲ; ಅವರ ವಿಳಾಸ ದಯಪಾಲಿಸಿದರೆ ಕರೆದು ಚಹಾ ಕುಡಿಸುವ ಆಸೆಯಿದೆ. ಸಾವಿರದ ಎಂಟುನೂರಕ್ಕೆ ಬಂದು ನಿಂತಾಗ ನಾನು ಮನಸ್ಸಿನಲ್ಲೇ ಕಳೆದು ನೋಡಿದೆ: ಮುನ್ನೂರೈವತ್ತು ಲಾಭ. ನಝೀಹಾಳನ್ನು ಗೆದ್ದಷ್ಟು ಸಂತೋಷವಾಯಿತು.

ಉಳಿದದ್ದು ದುಡ್ಡು ಕಟ್ಟುವುದು. ನಮ್ಮ ದಿನಾರಿನ ಸಂಗತಿ ತಮಗೆ ತಿಳಿದಿರಲಾರದು. ಅದು ಮನೆಯೊಳಗೆ ರಾಜ, ಗಡಿಯಾಚೆ ಯಾರೂ ಗುರುತು ಹಿಡಿಯುವುದಿಲ್ಲ. ನನ್ನ ಬ್ಯಾಂಕಿನ ಕಾರ್ಡು ಸ್ಫಾಕ್ಸಿನ ಮೀನು ಮಾರುಕಟ್ಟೆಯಲ್ಲಿ ಎದೆಯುಬ್ಬಿಸಿ ನಡೆಯುತ್ತದೆ, ತಮ್ಮ ಯೂರೋ ಪುಟದ ಮುಂದೆ ತಲೆ ತಗ್ಗಿಸುತ್ತದೆ. ಆದ್ದರಿಂದ ಇಲ್ಲಿ ಪ್ರತಿ ಮನೆಗೂ ಸಮುದ್ರದಾಚೆ ಒಬ್ಬ ನೆಂಟ, ಆ ನೆಂಟನಿಗೊಂದು ಕಾರ್ಡು ಇರುತ್ತದೆ. ನಮ್ಮವನು ಅಣ್ಣನ ಮಗ ಅನೀಸ್, ಮಾರ್ಸೇಲಿನಲ್ಲಿ ಬಸ್ಸು ಓಡಿಸುತ್ತಾನೆ. ಅವನು ತನ್ನ ಖಾತೆಯಿಂದ, ತನ್ನ ಕಾರ್ಡಿನಿಂದ ಚಿಕ್ಕಮ್ಮನಿಗೆ ಟಿಕೆಟನ್ನು ಉಡುಗೊರೆಯಾಗಿ ಕೊಟ್ಟ. ಅದೇ ದಿನ ಸಂಜೆ ನಾನು ಅವನ ತಾಯಿ, ನನ್ನ ಅತ್ತಿಗೆ ಬೆಯ್ಯಾ ಅವರಿಗೆ ಸಾವಿರದ ಎಂಟುನೂರು ದಿನಾರನ್ನು ಉಡುಗೊರೆಯಾಗಿ ಕೊಟ್ಟೆ. ಇವೆರಡು ಉಡುಗೊರೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ನಮ್ಮದು ಧಾರಾಳಿಗಳ ವಂಶ. ದುಡ್ಡು ಕಟ್ಟುವ ಮುನ್ನ ತಾವು ತೋರಿಸಿದ ನಲವತ್ತು ಪುಟಗಳ ಷರತ್ತುಗಳ ಕೆಳಗಿನ ಚೌಕದಲ್ಲಿ ಅನೀಸ್ ಗುರುತು ಹಾಕಿದ. ಓದಿದೆಯೇನೋ ಎಂದು ಫೋನಿನಲ್ಲಿ ಕೇಳಿದೆ. "ಚಿಕ್ಕಪ್ಪಾ, ಅದನ್ನ ಬರೆದೋರೇ ಓದಿರೋದಿಲ್ಲ" ಎಂದ. ಸಮಂಜಸವೆನಿಸಿತು.

ಹೊರಡುವ ದಿನ ಬೆಳಗ್ಗೆ ಲುವಾಜ್ ಹತ್ತಿ, ಮಧ್ಯಾಹ್ನದ ವಿಮಾನಕ್ಕೆ ಎಷ್ಟು ಬೇಗ ಹೋಗಬೇಕೋ ಅದಕ್ಕಿಂತಲೂ ಬೇಗ ಟ್ಯೂನಿಸಿನ ನಿಲ್ದಾಣ ಸೇರಿದೆವು. ಸರದಿ ಬಂತು. ಕೌಂಟರಿನ ಯುವಕ ಪಾಸ್‌ಪೋರ್ಟ್ ನೋಡಿದ, ಪರದೆ ನೋಡಿದ, ಮತ್ತೆ ದಲಂದಾಳ ಮುಖ ನೋಡಿದ. "ಅಮ್ಮಾ, ಈ ಟಿಕೆಟಿಗೆ ದುಡ್ಡು ಕಟ್ಟಿದ ಕಾರ್ಡು ತೋರಿಸ್ತೀರಾ?"

"ಕಾರ್ಡು ಮಾರ್ಸೇಲಿನಲ್ಲಿದೆ ಮಗಾ. ಬಸ್ಸು ಓಡಿಸ್ತಿದೆ."

"ಯಾರು?"

"ಕಾರ್ಡಿನ ಯಜಮಾನ. ನಮ್ಮ ಮೈದುನನ ಮಗ... ಅಲ್ಲ, ಭಾವನ ಮಗ. ನಿನಗೆ ಅವನ ಅಮ್ಮನ ಫೋನು ಬೇಕಾ?"

ಅವನಿಗೆ ಅತ್ತಿಗೆಯ ಫೋನು ಬೇಕಿರಲಿಲ್ಲ. ಕದ್ದ ಕಾರ್ಡುಗಳ ಕಾಟದಿಂದ ಕಂಪನಿ ಈ ನಿಯಮ ಮಾಡಿದೆಯೆಂದೂ, ಬೇರೆಯವರ ಕಾರ್ಡಾದರೆ ಕಾರ್ಡಿನವರು ಎದುರಿಗಿರಬೇಕು, ಇಲ್ಲವೇ ಅವರ ಕಾರ್ಡಿನ ಮತ್ತು ಪಾಸ್‌ಪೋರ್ಟಿನ ಚಿತ್ರ, ಸಹಿ ಹಾಕಿದ ಒಪ್ಪಿಗೆ ಪತ್ರ ಕೌಂಟರ್ ಮುಚ್ಚುವುದರೊಳಗೆ ಬರಬೇಕೆಂದೂ ಮೆಲ್ಲಗೆ ಹೇಳಿದ. "ನಾನು ಕಳ್ಳಿ ಥರ ಕಾಣ್ತೀನೇನಪ್ಪಾ? ಇಪ್ಪತ್ತಮೂರು ಕಿಲೋ ಬಸೀಸಾ, ಝ್ರೀರ್ ಹೊತ್ಕೊಂಡು ಯಾವ ಕಳ್ಳಿ ಓಡಿಹೋಗ್ತಾಳೆ?" ಎಂದು ದಲಂದಾ ಕೇಳಿದ್ದಕ್ಕೆ ಅವನು ನಕ್ಕನಾದರೂ ಪೆಟ್ಟಿಗೆಗೆ ಚೀಟಿ ಅಂಟಿಸಲಿಲ್ಲ. ನಮ್ಮ ಹಿಂದೆ ನಿಂತಿದ್ದ ದೊಡ್ಡ ಹೊಟ್ಟೆಯ ಗೃಹಸ್ಥರೊಬ್ಬರು ನನ್ನ ಭುಜ ಮುಟ್ಟಿ, "ಎಲ್ಲರೂ ಹಾಗೇ ಕೊಳ್ಳೋದು ಹಾಜಿ. ನಂದೂ ಲಿಯೋನಿನಲ್ಲಿರೋ ಭಾವನ ಕಾರ್ಡೇ" ಎಂದರು. ನನಗೆ ಜೀವ ಬಂದಂತಾಗಿ, ಮತ್ತೆ ತಾವೇನು ಮಾಡುತ್ತೀರಿ ಎಂದು ಕೇಳಿದೆ. "ಭಾವನ್ನೇ ಕರ್ಕೊಂಡು ಬಂದಿದೀನಿ" ಎಂದು ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ನಿಂತಿದ್ದ ವ್ಯಕ್ತಿಯನ್ನು ತೋರಿಸಿದರು.

ಅನೀಸ್‌ಗೆ ಫೋನು ಮಾಡಿದೆ. ಬಸ್ಸು ಓಡಿಸುವಾಗ ಅವನ ಫೋನು ಡಿಪೋದ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಅತ್ತಿಗೆಗೆ ಮಾಡಿದೆ, ಅವರು ಗಾಬರಿಯಾಗಿ, ಸಾವಿರದ ಎಂಟುನೂರು ದಿನಾರನ್ನು ಇನ್ನೂ ಮುಟ್ಟಿಲ್ಲವೆಂದು ಆಣೆ ಇಟ್ಟರು. ಆಗ ಲೀನಾ ಅವರೇ, ನಾನು ತಮ್ಮನ್ನು ನೆನೆದೆ. ಅನೀಸ್ ಕೊಟ್ಟಿದ್ದ ಗುಪ್ತಪದ ಒತ್ತಿ ತಮ್ಮ ಸಮ್ಮುಖಕ್ಕೆ ಬಂದೆ. ಕಣ್ಣು ಮಿಟುಕಿಸುವುದರೊಳಗೆ ತಾವು ಪ್ರತ್ಯಕ್ಷರಾದಿರಿ. ಆ ವೇಗಕ್ಕೆ ನನ್ನ ವಂದನೆಗಳು. "ನಮಸ್ಕಾರ ಅನೀಸ್! ಇಂದು ನಾನು ಹೇಗೆ ನೆರವಾಗಲಿ?" ಎಂದಿರಿ. ನಾನು ಅನೀಸ್ ಅಲ್ಲ, ಅವನ ಚಿಕ್ಕಪ್ಪ, ಹೆಂಡತಿ ಕೌಂಟರಿನಲ್ಲಿದ್ದಾಳೆ, ಕಾರ್ಡು ಕೇಳುತ್ತಿದ್ದಾರೆ ಎಂದು ಬರೆದೆ. "ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಭದ್ರತೆಯ ದೃಷ್ಟಿಯಿಂದ ಖಾತೆದಾರರೊಂದಿಗೆ ಮಾತ್ರ ಮಾತನಾಡಬಲ್ಲೆ" ಎಂದಿರಿ. ಹಾಗಾದರೆ ನಾನೇ ಅನೀಸ್ ಎಂದೆ. ತಾವು ಒಂದಿಷ್ಟೂ ಅನುಮಾನಿಸದೆ ನಂಬಿದಿರಿ. ಮನುಷ್ಯರಲ್ಲಿ ಇಂಥ ದೊಡ್ಡ ಮನಸ್ಸು ಅಪರೂಪ. "ಧನ್ಯವಾದಗಳು ಅನೀಸ್! ಕಾರ್ಡು ಈಗ ನಿಮ್ಮ ಬಳಿ ಇದೆಯೇ?" ಇಲ್ಲವೆಂದೆ. "ಕಾರ್ಡು ಕಳೆದುಹೋಗಿದ್ದಲ್ಲಿ ಕೂಡಲೇ ಬ್ಯಾಂಕಿಗೆ ತಿಳಿಸಿ ಅದನ್ನು ನಿಲ್ಲಿಸಿರಿ." ಕಳೆದಿಲ್ಲ, ಮಾರ್ಸೇಲಿನಲ್ಲಿ ಬಸ್ಸಿನಲ್ಲಿದೆ ಎಂದೆ. "ಮಾರ್ಸೇಲಿನಲ್ಲಿ ಬಸ್ ಪ್ರವಾಸಗಳನ್ನು ಹುಡುಕುತ್ತಿರುವಿರಾ? ಹನ್ನೆರಡು ಸಿಕ್ಕಿವೆ" ಎಂದು ಚಿತ್ರಗಳ ಸಮೇತ ತೋರಿಸಿದಿರಿ. ನಾನು ಬೇರೆ ದಾರಿ ಕಾಣದೆ, ಯಾರಾದರೂ ಮನುಷ್ಯರನ್ನು ಕರೆಯಿರಿ ಎಂದು ಬರೆದೆ. "ಖಂಡಿತ! ನಮ್ಮ ಸಿಬ್ಬಂದಿ ಮೂರು ಕೆಲಸದ ದಿನಗಳೊಳಗೆ ಸಂಪರ್ಕಿಸುವರು. ಈ ಸಂಭಾಷಣೆಗೆ ಎಷ್ಟು ನಕ್ಷತ್ರ ಕೊಡುವಿರಿ?" ನಾನು ತಲೆಯೆತ್ತಿದಾಗ ಕೌಂಟರಿನ ಯುವಕ ದೀಪ ಆರಿಸುತ್ತಿದ್ದ.

ದಲಂದಾ ಅಳಲಿಲ್ಲ, ಕೂಗಲಿಲ್ಲ. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ಕುಳಿತಳು. "ಏನಯ್ಯಾ," ಎಂದಳು, "ನಿನ್ನಂಗಡಿಗೆ ಬಂದು ಅಳತೆ ಕೇಳಿ, ಯಾವ ನಲ್ಲಿಗೆ ಯಾವ ವಾಷರ್ ಅಂತ ಕೇಳಿ, ಚೀಟಿಲಿ ಬರೆಸ್ಕೊಂಡು ಹೋಗಿ ದೊಡ್ಡಂಗಡೀಲಿ ಕೊಂಡ್ಕೋತಾರಲ್ಲ, ಅಂಥೋರನ್ನ ನೀನು ದಿನಾ ರಾತ್ರಿ ಊಟಕ್ಕೆ ಕೂತಾಗ ಏನಂತ ಬೈತೀಯ? ಒಂದ್ಸಲ ಹೇಳು, ಕೇಳ್ಬೇಕು." ನಾನು ಮತ್ತೊಮ್ಮೆ ಅನೀಸನ ನಂಬರು ಒತ್ತಿದೆ. "ನಾನು ಈ ಝ್ರೀರ್ ತಗೊಂಡು ವಾಪಸ್ ಸ್ಫಾಕ್ಸಿಗೆ ಬರೋದಿಲ್ಲ. ಒಂದೋ ವಿಮಾನ ಇದನ್ನ ಹೊರಬೇಕು, ಇಲ್ಲಾ ಇಲ್ಲೇ ಕೂತು ಪೂರ್ತಿ ನೀನು ತಿನ್ನಬೇಕು. ಫೋನು ಮಾಡು ಅವಳಿಗೆ."

ಅವಳು ಎಂದರೆ ಯಾರೆಂದು ನಾನು ಕೇಳಲಿಲ್ಲ. ಬೀದಿಯಲ್ಲಿ ನಾನು ಅವಳ ಕಣ್ಣು ತಪ್ಪಿಸಿ ಓಡಾಡತೊಡಗಿ ಎರಡು ವಾರವಾಗಿತ್ತು. ಆ ಹೊತ್ತಿಗೆ ನಝೀಹಾ ಕಚೇರಿಯ ಶಟರ್ ಎಳೆದು, ಕಾರಿನಲ್ಲಿ ಸಮುದ್ರದ ಕಡೆ ಹೊರಟಿದ್ದಳು. "ಓಹೋ ಸೀ ಮೊಂಜಿ. ಎಷ್ಟು ದಿನ ಆಯ್ತು. ನಿನಗೆ ಅಂತ ತರಿಸಿದ ಕಾಫಿ ಆರಿಹೋಯ್ತಲ್ಲ" ಎಂದಳು. ನಾನು ವಿಷಯ ಹೇಳಲು ಹೋದೆ. "ನೀನು ಹೇಳೋದು ಬೇಡ. ಫೋನು ದಲಂದಾ ಕೈಗೆ ಕೊಡು." ಇಬ್ಬರೂ ಮಾತಾಡಿದರು. ಯಾವ ವಿಮಾನ ಎಂಬುದಕ್ಕಿಂತ ನನ್ನ ಬಗ್ಗೆಯೇ ಹೆಚ್ಚು ಮಾತಾಡಿದರೆಂದು ದಲಂದಾಳ ನಗುವಿನಿಂದ ಊಹಿಸಿದೆ. ನಝೀಹಾ ಕಾರು ತಿರುಗಿಸಿ ಕಚೇರಿಗೆ ಬಂದು ಶಟರ್ ಎತ್ತಿ, ಮರುದಿನ ಸಂಜೆಯ ವಿಮಾನದಲ್ಲಿ ಒಂದು ಸೀಟು ಹುಡುಕಿದಳು. ದರ ಎರಡು ಸಾವಿರದ ಆರುನೂರ ನಲವತ್ತು, ಕೂಲಿ ಎಪ್ಪತ್ತು ಅದರಲ್ಲೇ. ಅಭ್ಯಾಸಬಲದಿಂದ ನನ್ನ ಬಾಯಿ "ಸ್ವಲ್ಪ ಕಡಿಮೆ ಮಾಡ್ಕೋ" ಎಂದಿತು. "ಮಾಡ್ತೀನಿ. ದಲಂದಾ ಹೋಗೋದು ಬೇಡ ಅಂದ್ರೆ ಪೂರ್ತಿ ಕಡಿಮೆ ಮಾಡ್ತೀನಿ" ಎಂದಳು. ಆಗ ನನ್ನ ಜೇಬಿನಲ್ಲಿ ಇನ್ನೂರು ದಿನಾರಿತ್ತು. ಅದನ್ನು ಹೇಳಬೇಕಾಗಿ ಬಂತು. "ದುಡ್ಡು ಊರಿಗೆ ಬಂದ ಮೇಲೆ ಕೊಡು. ಓಡಿಹೋದ್ರೆ ನಿನ್ನಂಗಡಿ ಎಲ್ಲಿದೆ ಅಂತ ನನಗೆ ಗೊತ್ತು."

ಈ ಒಂದು ವಾಕ್ಯವನ್ನು, ಮಾನ್ಯರೇ, ತಮ್ಮ ನಲವತ್ತು ಪುಟಗಳಲ್ಲಿ ನಾನು ಆಮೇಲೆ ಹುಡುಕಿ ನೋಡಿದೆ. ಇಲ್ಲ.

ಹಾಗೆಂದು ನಾನು ಊರ ಏಜೆಂಟರ ಪರವಾಗಿ ವಕಾಲತ್ತು ವಹಿಸಿ ಬರೆಯುತ್ತಿದ್ದೇನೆಂದು ತಾವು ತಿಳಿಯಬಾರದು. ನಝೀಹಾ ಅದೇ ಟಿಕೆಟಿನಲ್ಲಿ ಊಟದ ಕಡೆ ಏನನ್ನೋ ಒತ್ತಿ, ದಲಂದಾಳಿಗೆ ವಿಮಾನದಲ್ಲಿ "ಹಿಂದೂ ಊಟ" ಬರುವಂತೆ ಮಾಡಿದ್ದಳು. ನನ್ನ ಹೆಂಡತಿ ಜೀವಮಾನದಲ್ಲಿ ಮೊದಲ ಬಾರಿಗೆ ಬೇರೆಯವರು ಬೇಯಿಸಿದ ಬೇಳೆಯನ್ನು ಹೊಗಳಿದ್ದು ಅಂದು. ಏಜೆಂಟರೂ ತಪ್ಪುತ್ತಾರೆ, ತಡಮಾಡುತ್ತಾರೆ, ಕಮಿಷನ್ನು ಹೆಚ್ಚು ಸಿಗುವ ವಿಮಾನವನ್ನೇ ಮೊದಲು ತೋರಿಸುತ್ತಾರೆ. ಕಾರ್ಡು ಸ್ವಂತದ್ದಾಗಿ, ಸಾಮಾನು ಕೈಚೀಲದಷ್ಟಾಗಿ, ಹೋಗಲೂಬಹುದು ಬಿಡಲೂಬಹುದು ಎಂಬಂಥ ಪ್ರಯಾಣವಾದರೆ ನಾನು ಇಂದಿಗೂ ತಮ್ಮಲ್ಲಿಗೇ ಬರುತ್ತೇನೆ, ನಝೀಹಾಳ ಎಪ್ಪತ್ತು ದಿನಾರಿನಲ್ಲಿ ಮೀನು ತಿನ್ನುತ್ತೇನೆ. ಎಲ್ಲವೂ ಸರಿಯಾಗಿ ನಡೆಯುವಾಗ ತಮ್ಮಷ್ಟು ಉತ್ತಮರು ಯಾರೂ ಇಲ್ಲ. ಆದರೆ ಮೂವತ್ತೆಂಟು ವರ್ಷ ನಲ್ಲಿ ಮಾರಿದವನ ಅನುಭವದಲ್ಲಿ ಹೇಳುತ್ತೇನೆ, ಸೋರದ ನಲ್ಲಿಯನ್ನು ಯಾರು ಬೇಕಾದರೂ ಮಾರಬಹುದು. ಸೋರಿದ ದಿನ ಗಿರಾಕಿ ನೆನೆದ ಪೈಜಾಮದಲ್ಲಿ ಬಂದು ನಿಂತಾಗ ಎದುರಿಗೊಂದು ಮುಖವಿರಬೇಕು. ಆ ಮುಖಕ್ಕೆ ನಾಳೆಯೂ ಇದೇ ಬೀದಿಯಲ್ಲಿ ಅವನನ್ನು ನೋಡಬೇಕಾದ ಸಂಕೋಚವಿರಬೇಕು. ಇದು ಗೊತ್ತಿದ್ದರೆ ಮಾತ್ರ ಸಾಲದು, ಸಮಯಕ್ಕೆ ನೆನಪಾಗಬೇಕು ಎಂಬುದು ಬೇರೆ ಮಾತು.

ದಲಂದಾ ಮರುದಿನ ಸಂಜೆ ಹಾರಿದಳು. ಅವಳು ಗಾಳಿಯಲ್ಲಿದ್ದಾಗಲೇ ಎಮ್ನಾಳಿಗೆ ನೋವು ಶುರುವಾಯಿತು. ಸ್ಲಿಮ್ ಅವಳನ್ನು ಆಸ್ಪತ್ರೆಗೆ ಕರೆದೊಯ್ದ, ಬಾಗಿಲಲ್ಲಿ ಅವನನ್ನು ನಿಲ್ಲಿಸಿದರು. ಜೊತೆಗೆ ಹೆಂಗಸರು ಯಾರು ಎಂದು ಕೇಳಿದಾಗ ಅವನು ಆಕಾಶದ ಕಡೆ ಕೈ ತೋರಿಸಿ, ಬರ್ತಿದಾರೆ ಎಂದನಂತೆ. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು. ತಮ್ಮ ಸಾವಿರದ ಎಂಟುನೂರರ ವಿಮಾನ ದಲಂದಾಳನ್ನು ಅದಕ್ಕೆ ಒಂದು ದಿನ ಮುಂಚೆಯೇ ಅಲ್ಲಿ ಇಳಿಸಬೇಕಾಗಿತ್ತು. ನಝೀಹಾಳ ವಿಮಾನ ಬಿಸಿಲೇರಿದ ಮೇಲೆ ಇಳಿಸಿತು. ಅಜ್ಜಿ ಪೆಟ್ಟಿಗೆ ಎಳೆದುಕೊಂಡು ವಾರ್ಡಿಗೆ ಹೋದಾಗ ಮಗುವಿಗೆ ಸ್ನಾನವಾಗಿ ಬಟ್ಟೆ ಸುತ್ತಿಯಾಗಿತ್ತು. ಮಧ್ಯಾಹ್ನ ಎಮ್ನಾ ನನಗೆ ಫೋನು ಮಾಡಿದಳು. ಗಣಿತದವಳು, ಅಳುವ ಪೈಕಿಯಲ್ಲ. "ಚೆನ್ನಾಗಿದೀನಿ ಅಪ್ಪಾ. ಮಗೂನೂ ಚೆನ್ನಾಗಿದೆ. ಬಾಗಿಲು ತೆಗೆದಾಗೆಲ್ಲಾ ಅಮ್ಮ ಬಂದ್ಳು ಅಂದ್ಕೋತಿದ್ದೆ, ಅಷ್ಟೇ" ಎಂದಳು. ಆಮೇಲೆ ಫೋನು ತಾಯಿಯ ಕೈಗೆ ಹೋಯಿತು. "ನಿನ್ನ ಹತ್ರ ಆಮೇಲೆ ಮಾತಾಡ್ತೀನಿ" ಎಂದು ದಲಂದಾ ಇಟ್ಟುಬಿಟ್ಟಳು.

ಇದಾದ ನಾಲ್ಕನೆಯ ದಿನ ತಮ್ಮ ಸಿಬ್ಬಂದಿ ಹೇಳಿದಂತೆಯೇ ಸಂಪರ್ಕಿಸಿದರು. ಪ್ರಯಾಣಿಕರು ಹಾಜರಾಗದ ಕಾರಣ ಹಣ ಮರಳಿಸಲಾಗದೆಂದು ಅನೀಸ್‌ಗೆ ಕಾಗದ ಬಂತು. ಹಾಜರಾಗದವಳು, ಮಾನ್ಯರೇ, ಕೌಂಟರಿನ ಮುಂದೆ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಆ ಕೌಂಟರಿನ ಎದುರು ಅವಳಷ್ಟು ಹಾಜರಾಗಿ ಇನ್ನಾರೂ ಇದ್ದಿರಲಾರರು. ಆದರೂ ಕರುಣೆಯಿಂದ, ನಿಲ್ದಾಣದ ತೆರಿಗೆಯನ್ನು ಅಂಕಗಳ ರೂಪದಲ್ಲಿ ಅವನ ಖಾತೆಗೆ ಹಾಕಿದ್ದೀರಿ. ಅವು ಮಾರ್ಸೇಲಿನಿಂದ ಹೊರಡುವ ವಿಮಾನಗಳಿಗೆ ಮಾತ್ರ ಸಲ್ಲುತ್ತವೆ.

ಆದಕಾರಣ ನನ್ನ ವಿನಂತಿಗಳು ಕೆಲವಿವೆ. ಹಣದ ಮಾತೆತ್ತುವುದಿಲ್ಲ, ಅದು ತಮಗೆ ನೋವು ತರುವ ವಿಷಯ. ತಾವು ದಯಮಾಡಿ ಒಮ್ಮೆ ಸ್ಫಾಕ್ಸಿಗೆ ಬಂದು ನಮ್ಮ ಬೀದಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಬೇಕು, ಬಾಡಿಗೆ ನಾನೇ ಕೊಡುತ್ತೇನೆ. ಹಾದುಹೋಗುವಾಗ ತಾವು ಕಣ್ಣು ತಪ್ಪಿಸುವುದನ್ನು ನೋಡುವ ಭಾಗ್ಯ ನನಗೆ ಸಿಗಬೇಕು. ತಮಗೊಬ್ಬ ತಾಯಿಯನ್ನು ಸಂಪಾದಿಸಿಕೊಳ್ಳಬೇಕು, ಅವರ ಮನೆಗೆ ಹೋಗಿ ನಿಮ್ಮ ಮಗಳು ಹೀಗೆ ಮಾಡಿದಳೆಂದು ನಾನು ದೂರು ಹೇಳುವಂತಿರಬೇಕು. "ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ" ಎಂಬ ಮಾತನ್ನು ಮಸ್ಕತಿನ ಆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಒಂದು ಸಲ ಹೇಳಬೇಕು. ಇವು ಆಗದಿದ್ದಲ್ಲಿ, ನನ್ನ ಮಗಳು ಬಾಗಿಲ ಕಡೆ ನೋಡುತ್ತಾ ಮಲಗಿದ್ದ ಆ ಒಂದು ರಾತ್ರಿಯನ್ನು ಹಿಂದಿರುಗಿಸಬೇಕು. ಅಂಕಗಳ ರೂಪದಲ್ಲಿ ಬೇಡ.

ವಿಶ್ವಾಸವೆಂಬುದು ಎಷ್ಟು ಉಳಿದಿದೆಯೋ ಅಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,

ಮೊಂಜಿ ಫುರಾತಿ
ನಲ್ಲಿ, ಪೈಪು ಮತ್ತು ವಾಷರುಗಳ ವ್ಯಾಪಾರಿ, ಸ್ಫಾಕ್ಸ್

ಮರೆತದ್ದು: ತಾವು ಕೇಳಿದ ನಕ್ಷತ್ರಗಳು ಬಾಕಿಯಿವೆ. ಐದೂ ಕೊಟ್ಟಿದ್ದೇನೆ, ಅದಕ್ಕೆ ಖರ್ಚಿಲ್ಲ ನೋಡಿ. ಅದರ ಜೊತೆಗೆ, ಈ ವ್ಯವಹಾರದಲ್ಲಿ ಯಾರಿಗೆ ಏನು ಬಂತೆಂಬುದನ್ನೂ ತಮ್ಮ ಕಡತಕ್ಕಾಗಿ ಬರೆದಿಡುತ್ತೇನೆ. ತಮಗೂ ವಿಮಾನ ಕಂಪನಿಗೂ ಸೇರಿ ಸಾವಿರದ ಎಂಟುನೂರು ದಿನಾರು, ಮೇಲೆ ಬೇರೆ ಯಾರಿಗೋ ಮಾರಿರಬಹುದಾದ ಖಾಲಿ ಸೀಟೊಂದು. ಅನೀಸ್‌ಗೆ ಅಂಕಗಳು, ಅವನು ಅವುಗಳಲ್ಲಿ ಗೆಳತಿಯ ಜೊತೆ ಲಿಸ್ಬನ್ನಿಗೆ ಹೋಗಿಬರುವ ಯೋಚನೆಯಲ್ಲಿದ್ದಾನೆ. ಅತ್ತಿಗೆಗೆ ಐದು ಲೀಟರ್ ಎಣ್ಣೆ. ನಾದಿನಿಗೆ ಬಾದಾಮಿ ಸಿಹಿ, ಮತ್ತು ಅಕ್ಕನ ಗಂಡ ಸೋತು ಕೂತಿದ್ದನ್ನು ನೋಡುವ ಒಂದು ಸಂಜೆ. ನಝೀಹಾಳಿಗೆ ಎಪ್ಪತ್ತು ದಿನಾರು, ಹಾಗೂ ಟಿಕೆಟ್ ಮುದ್ರಿಸುವ ನಡುವೆ ಹೇಳಲು ವರ್ಷಕ್ಕಾಗುವಷ್ಟು ಕಥೆ. ದಲಂದಾಳಿಗೆ ಮೊಮ್ಮಗಳು. ನನಗೆ ಮೊಮ್ಮಗಳ ಎರಡು ಫೋಟೋ, ಸ್ಲಿಮ್ ಕಳುಹಿಸಿದ್ದು. ಎಮ್ನಾಳಿಗೆ, ಹೆರಿಗೆಯ ಆ ಹೊತ್ತಿನಲ್ಲಿ, ಹೆಸರು ಕೇಳಿಕೊಳ್ಳಲೂ ಆಗದ ಒಬ್ಬ ನರ್ಸಿನ ಕೈ.